ಚಂದನಕ್ಕೆ ಈಗ ಜಾಗವಿದೆ
ಹೊಸೂರು–ಕೃಷ್ಣಗಿರಿ ಸೀಮೆಯ ಕೇಬಲ್ ಆಪರೇಟರುಗಳಿಗೆ ಒಂದು ಬಹಿರಂಗ ಪತ್ರ

ಅಣ್ಣಂದಿರೇ,

ಹೊಸೂರು, ಡೆಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿ ಕಡೆ ಬೀದಿ ಬೀದಿಗೆ ತಂತಿ ಎಳೆದು, ತಿಂಗಳು ತಿಂಗಳು ಮನೆಬಾಗಿಲಿಗೆ ಬಂದು ಹೋಗುವವರು ನೀವು. ನಿಮ್ಮಲ್ಲಿ ಕೆಲವರ ಮನೆಮಾತು ತಮಿಳು, ಕೆಲವರದು ತೆಲುಗು, ಇನ್ನು ಕೆಲವರದು ನನ್ನ ಹಾಗೆ ಕನ್ನಡ. ನಮ್ಮ ಸೀಮೆಯಲ್ಲಿ ಒಂದು ಸಂತೆ ಸುತ್ತಿ ಬರುವಷ್ಟರಲ್ಲಿ ಮೂರೂ ಮಾತು ಕಿವಿಗೆ ಬಿದ್ದಿರುತ್ತವೆ, ಎರಡಾದರೂ ನಾಲಗೆಗೆ ಬಂದಿರುತ್ತವೆ. ಅದೇ ಧೈರ್ಯದಲ್ಲಿ ಈ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಬಾರದವರಿಗೆ ಬರುವವರು ಓದಿ ಹೇಳಿ.

ನಾನು ಕೇಳುವುದು ಇಷ್ಟು. ನೀವು ಕೊಟ್ಟಿರುವ ಬಾಕ್ಸಿನಲ್ಲಿ ಕನ್ನಡದ ಚಾನೆಲುಗಳು ಯಾವ ಯಾವ ನಂಬರಿನಲ್ಲಿ ಬರುತ್ತವೆ ಎಂದು ಕನ್ನಡದ ಮನೆಗಳಿಗೆ ಹೇಳಿಕೊಡಿ. ದೂರದರ್ಶನದ ಚಂದನ ಬಾರದ ಕಡೆ ಬರುವ ಹಾಗೆ ಮಾಡಿ. ಎಚ್‌ಡಿ ಟಿವಿ ಕೊಂಡವರಿಗೆ ಎಚ್‌ಡಿ ಚಿತ್ರ ಸಿಗಬೇಕಾದರೆ ಏನು ಬೇಕೆಂದು ಬಿಡಿಸಿ ತಿಳಿಸಿ. ಇದಕ್ಕೆ ಇಷ್ಟುದ್ದದ ಕಾಗದ ಯಾಕೆ ಎನ್ನಬಹುದು. ನಮ್ಮ ಸೀಮೆಗೂ ಕನ್ನಡದ ಟಿವಿಗೂ ಇರುವ ನಂಟು ಹಳೆಯದು. ಅದನ್ನು ಹೇಳದೆ ಕೇಳಿದರೆ ಕೇಳಿಕೆಗೆ ತೂಕ ಬರುವುದಿಲ್ಲ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಹೊಸೂರು ಅಲ್ಲಿಂದ ಸುಮಾರು 40 ಕಿಲೋಮೀಟರ್. ಬೆಂಗಳೂರು, ಆನೇಕಲ್, ಹೊಸೂರು, ಕೆಲಮಂಗಲ ಎಲ್ಲ ಹೆಚ್ಚುಕಡಿಮೆ ಒಂದೇ ಎತ್ತರದ ಬಯಲು. ಟಿವಿಯ ಅಲೆ ಹೆಚ್ಚಾಗಿ ನೇರ ಗೆರೆಯಲ್ಲಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೇಲಿನ ಬಯಲಿನವರು ಮಾಡಿನ ಮೇಲೆ ಉದ್ದನೆಯ ಪೈಪು ನಿಲ್ಲಿಸಿ, ಆಂಟೆನಾದ ಮೂತಿಯನ್ನು ವಾಯವ್ಯಕ್ಕೆ ತಿರುಗಿಸಿದರೆ ಬೆಂಗಳೂರು ಸಿಗುತ್ತಿತ್ತು. ಶೂಲಗಿರಿ ದಾಟಿ ಕೃಷ್ಣಗಿರಿಯ ಕಡೆ ಇಳಿದ ಮೇಲೆ ಅದು ಕಷ್ಟವಾಗುತ್ತಿತ್ತು. ಮದರಾಸಿನ ‘ಒಲಿಯುಂ ಒಳಿಯುಂ’ ಹಾಡುಗಳಷ್ಟೇ ಆಸೆಯಿಂದ ಬೆಂಗಳೂರಿನ ‘ಚಿತ್ರಮಂಜರಿ’ಗೂ ಕಾಯುತ್ತಿದ್ದ ಊರುಗಳು ನಮ್ಮವು. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬರು ಮಾಡು ಹತ್ತುತ್ತಿದ್ದರು, ಒಬ್ಬರು ಕಿಟಕಿಯಲ್ಲಿ ನಿಲ್ಲುತ್ತಿದ್ದರು, ಒಳಗಿನಿಂದ ‘ಬಂತು, ಬಂತು, ಹೋಯ್ತು’ ಎಂಬ ಕೂಗು. ಚಿತ್ರದ ಮೇಲೆ ಚುಕ್ಕೆ ಎರಚಿದ ಹಾಗಿದ್ದರೂ, ಒಂದೇ ಮುಖ ಎರಡಾಗಿ ಕಂಡರೂ ಮಾತು ಕೇಳಿಸುತ್ತಿತ್ತು. ನಮ್ಮ ಅಮ್ಮಂದಿರಿಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಕೇಬಲ್ ಬಂತು. ನಿಮ್ಮ ಹಿರಿಯರು ಬೈಕಿನಲ್ಲಿ ತಂತಿಯ ಸುರುಳಿ ಕಟ್ಟಿಕೊಂಡು ತಿರುಗಿದ ಕಾಲ. 1994ರಲ್ಲಿ ಉದಯ ಟಿವಿ ಶುರುವಾದಾಗ ನಮ್ಮ ಮನೆಗಳಲ್ಲಿ ಕೇಬಲ್ ಹಾಕಿಸಿಕೊಳ್ಳಲು ಅದೇ ದೊಡ್ಡ ಕಾರಣವಾಗಿತ್ತು. ಆದರೆ ಹಳೆಯ ಅನಲಾಗ್ ಕೇಬಲಿಗೆ ಒಂದು ಮಿತಿಯಿತ್ತು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೊಂದು ಚಾನೆಲಿಗೂ ತಂತಿಯೊಳಗೆ 7 ಅಥವಾ 8 ಮೆಗಾಹರ್ಟ್ಸ್ ಜಾಗ ಬೇಕು. ಮುಂದಿನ ನಂಬರುಗಳಲ್ಲಿ ಚಿತ್ರ ಚೊಕ್ಕ, ಹಿಂದಕ್ಕೆ ಹೋದಷ್ಟೂ ಮಸುಕು. ಹಳೆಯ ಟಿವಿಗಳಲ್ಲಿ ಹಿಂದಿನ ನಂಬರುಗಳು ಹಿಡಿಯುತ್ತಲೇ ಇರಲಿಲ್ಲ. ಆಗಿನ ಕಾಯ್ದೆಯೂ ದೂರದರ್ಶನದ ಎರಡು ಚಾನೆಲ್, ಜೊತೆಗೆ ರಾಜ್ಯದ ಭಾಷೆಯ ಒಂದು ಪ್ರಾದೇಶಿಕ ಚಾನೆಲ್ ಮುಂದಿನ ಸಾಲಿನಲ್ಲಿರಲಿ ಎಂದಷ್ಟೇ ಹೇಳುತ್ತಿತ್ತು. ತಮಿಳುನಾಡಿನಲ್ಲಿ ಅದು ದೂರದರ್ಶನದ ತಮಿಳು ಚಾನೆಲ್ ಪೊದಿಗೈ ಆಗಿದ್ದು ಸಹಜ. ಚಂದನ ಕೇಳಿದರೆ ‘ಜಾಗ ಇಲ್ಲಕ್ಕ’ ಎಂಬ ಉತ್ತರ ಬರುತ್ತಿತ್ತು, ಆ ಉತ್ತರದಲ್ಲಿ ಸುಳ್ಳಿರಲಿಲ್ಲ.

ಈಗ ಆ ಕಾರಣ ಉಳಿದಿಲ್ಲ. ಈ ಪತ್ರದ ಹುರುಳು ಇದೇ.

2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಗಿ ಅನಲಾಗ್ ಕೇಬಲನ್ನು ನಾಲ್ಕು ಹಂತಗಳಲ್ಲಿ ನಿಲ್ಲಿಸುವುದೆಂದು ತೀರ್ಮಾನವಾಯಿತು. ಮೊದಲು ನಾಲ್ಕು ಮಹಾನಗರ, ಆಮೇಲೆ ಬೆಂಗಳೂರು, ಮೈಸೂರು, ಕೊಯಮತ್ತೂರು ಸೇರಿದ 38 ಊರು, ಮೂರನೆಯದಾಗಿ ಹೊಸೂರಿನಂಥ ಪಟ್ಟಣಗಳು, ಕೊನೆಗೆ ಹಳ್ಳಿಗಳು. ಪಟ್ಟಣಗಳಿಗೆ 2015ರ ಡಿಸೆಂಬರ್ 31 ಎಂದರು, ಹಳ್ಳಿಗಳ ಗಡುವು ಮುಂದೆ ಹೋಗಿ 2017ರ ಮಾರ್ಚ್ 31 ಆಯಿತು. ನಮ್ಮ ರಾಜ್ಯದಲ್ಲಿ ಕೋರ್ಟು ವ್ಯಾಜ್ಯಗಳ ನಡುವೆ ಇನ್ನಷ್ಟು ತಡವಾಯಿತು. 2011ರಿಂದ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡುತ್ತಿದ್ದ ಸರ್ಕಾರದ ಅರಸು ಕೇಬಲಿಗೆ ಡಿಜಿಟಲ್ ಪರವಾನಗಿ ಸಿಕ್ಕಿದ್ದೇ 2017ರಲ್ಲಿ. ಅದೇ ವರ್ಷ ಬಾಕ್ಸುಗಳ ಉಚಿತ ಹಂಚಿಕೆ ಶುರುವಾಯಿತು. ಅತ್ತ ಆಕಾಶದಲ್ಲಿ ಬರುತ್ತಿದ್ದ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೂ ಪ್ರಸಾರ ಭಾರತಿ ಒಂದೊಂದಾಗಿ ನಿಲ್ಲಿಸುತ್ತ ಬಂತು. ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50ನ್ನು ಬಿಟ್ಟು ಉಳಿದವಕ್ಕೆಲ್ಲ 2022ರ ಮಾರ್ಚ್ 31 ಕೊನೆಯ ದಿನ ಎಂದು ಗೊತ್ತುಮಾಡಿತು. ಮಾಡಿನ ಮೇಲಿನ ಆಂಟೆನಾಕ್ಕೆ ಇನ್ನು ಹಿಡಿಯಲು ಏನೂ ಉಳಿಯಲಿಲ್ಲ. 2016ರಲ್ಲಿ ಬೆಂಗಳೂರು, ಚೆನ್ನೈ ಸೇರಿ 16 ನಗರಗಳಲ್ಲಿ ಆಕಾಶದಿಂದಲೇ ಡಿಜಿಟಲ್ ಪ್ರಸಾರ ಶುರು ಮಾಡಿದ್ದರು. ಆದರೆ ಅದನ್ನು ಹಿಡಿಯುವ ಟಿವಿ ಸಾಮಾನ್ಯರ ಮನೆಗೆ ಬರಲೇ ಇಲ್ಲ. ಅಲ್ಲಿಗೆ ಹೆಚ್ಚಿನ ಮನೆಗಳಿಗೆ ಉಳಿದದ್ದು ಎರಡು ದಾರಿ, ಒಂದು ನಿಮ್ಮ ತಂತಿ, ಇನ್ನೊಂದು ಡಿಶ್ಶು.

ಡಿಜಿಟಲ್ ಆದಮೇಲೆ ನಿಮ್ಮ ತಂತಿಯೊಳಗೆ ಏನಾಯಿತು? ಮೊದಲು ಒಂದು ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಸಾದಾ ಚಾನೆಲುಗಳು ಕೂರುತ್ತವೆ. ನೂರು ತುಂಬಿಸಲು ಒದ್ದಾಡುತ್ತಿದ್ದ ತಂತಿ ಈಗ ನೂರಾರು ಹೊರುತ್ತದೆ. ಕಾಯ್ದೆಯ 8ನೇ ಸೆಕ್ಷನ್ನೂ ಬದಲಾಯಿತು. ಡಿಜಿಟಲ್ ಕೇಬಲಿನವರು ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನದ ಚಾನೆಲುಗಳ ಪಟ್ಟಿಯಲ್ಲಿ ಪ್ರಾದೇಶಿಕ ಭಾಷೆಗಳ ಚಾನೆಲುಗಳೂ ಸೇರಿದವು, ಚಂದನವೂ ಅದರಲ್ಲಿದೆ. ಆ ಪಟ್ಟಿ ಇಡೀ ದೇಶಕ್ಕೆ ಒಂದೇ. ರಾಜ್ಯದ ಗಡಿ ನೋಡಿ ಬದಲಾಗುವುದಿಲ್ಲ. 2020ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಗ ಮೂಲ ಶುಲ್ಕಕ್ಕೆ ಕೊಡಬೇಕಾಗಿದ್ದ 200 ಚಾನೆಲುಗಳ ಲೆಕ್ಕದಲ್ಲಿ ಈ ಕಡ್ಡಾಯ ಚಾನೆಲುಗಳನ್ನು ಸೇರಿಸಬಾರದು ಎಂದಿತು. ಅಂದರೆ ಗಡಿಯಂಚಿನ ಜೂಜುವಾಡಿಯಲ್ಲಿ ಕೂತು ಚಂದನ ನೋಡುವ ಮನೆ ನಿಮ್ಮಿಂದ ಹೆಚ್ಚಿಗೆ ಏನನ್ನೂ ಕೇಳುತ್ತಿಲ್ಲ, ತನಗೆ ಬರಬೇಕಾದದ್ದನ್ನು ಕೇಳುತ್ತಿದೆ.

ಹೀಗಿದ್ದೂ ಏನಾಗುತ್ತಿದೆ ಎಂದು ನಮ್ಮ ಬೀದಿಯ ಒಂದು ಮನೆಯ ಮಾತು ಹೇಳುತ್ತೇನೆ. ಅಲ್ಲಿರುವುದು ವಯಸ್ಸಾದ ಅಜ್ಜಿ, ಹಗಲಿನಲ್ಲಿ ಒಬ್ಬರೇ. 2006ರ ನಂತರ ಸರ್ಕಾರ ಮನೆಮನೆಗೆ ಕೊಟ್ಟ 14 ಇಂಚಿನ ಕಲರ್ ಟಿವಿ ಮೊನ್ನೆಮೊನ್ನೆಯವರೆಗೂ ಅವರ ಮನೆಯಲ್ಲಿ ಓಡುತ್ತಿತ್ತು. ಅದರ ರಿಮೋಟಿನಲ್ಲಿ ಮೇಲೆ ಕೆಳಗೆ ಒತ್ತುತ್ತಾ ಹೋದರೆ ಎಂಟೋ ಒಂಬತ್ತೋ ಒತ್ತಿಗೆ ಉದಯ ಸಿಗುತ್ತಿತ್ತು, ಅವರು ಬೆರಳಲ್ಲಿ ಲೆಕ್ಕ ಇಟ್ಟುಕೊಂಡಿದ್ದರು. ಬಾಕ್ಸು ಬಂದ ಮೇಲೆ ರಿಮೋಟು ಎರಡಾದವು. ಟಿವಿಯ ರಿಮೋಟಿನಲ್ಲಿ ಏನೋ ಒತ್ತಿಬಿಟ್ಟರೆ ಪರದೆ ನೀಲಿಯಾಗಿ ‘ನೋ ಸಿಗ್ನಲ್’ ಎಂದು ಬರುತ್ತದೆ. ಚಾನೆಲ್ಲಿಗೆ ಮೂರು ಅಂಕಿಯ ನಂಬರು. ಪರದೆಯ ಮೇಲೆ ಬರುವ ಪಟ್ಟಿ ಇಂಗ್ಲಿಷಿನಲ್ಲಿ. ಆ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಹಿಂದೆ ನಮ್ಮೂರ ಕನ್ನಡ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಬಾರದು. ಮೊಮ್ಮಗ ಫ್ಯಾಕ್ಟರಿಯಿಂದ ಬರುವ ತನಕ ಪರದೆಯ ಮೇಲೆ ಏನಿದೆಯೋ ಅದನ್ನೇ ನೋಡುತ್ತ ಕೂರುತ್ತಾರೆ. ಅವರಿಗೆ ಬೇಕಾದ ಚಾನೆಲ್ ಬಾಕ್ಸಿನೊಳಗೆ ಇದೆ. ಅದರ ನಂಬರನ್ನು ಯಾರೂ ಹೇಳಿಲ್ಲ, ಅಷ್ಟೇ. ಚಾನೆಲುಗಳನ್ನು ಬಗೆ ಮತ್ತು ಭಾಷೆಯ ಪ್ರಕಾರ ಒಟ್ಟೊಟ್ಟಿಗೆ ಜೋಡಿಸಬೇಕೆಂದು 2017ರ ಟ್ರಾಯ್ ನಿಯಮಗಳೇ ಹೇಳುತ್ತವೆ. ಜೋಡಿಸಿದ್ದನ್ನು ತೋರಿಸಿಕೊಡುವವರು ಬೇಕು.

ಬ್ರಿಟನ್ನಿನಲ್ಲಿ ಅನಲಾಗ್ ನಿಲ್ಲಿಸುವ ಕೆಲಸ 2012ರ ಅಕ್ಟೋಬರಿನಲ್ಲಿ ಮುಗಿಯಿತು. ಅಲ್ಲಿ 75 ದಾಟಿದವರಿಗೆ, ಅಂಗವಿಕಲರಿಗೆ ಎಂದೇ ಬಿಬಿಸಿಯ ಉಸ್ತುವಾರಿಯಲ್ಲಿ ಒಂದು ಸಹಾಯ ಯೋಜನೆ ನಡೆಯಿತು. ಬಾಕ್ಸು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮನೆಗೆ ಬಂದು ಜೋಡಿಸಿ, ರಿಮೋಟನ್ನು ಕೈಗಿಟ್ಟು ಹೇಗೆ ಒತ್ತಬೇಕೆಂದು ಕಲಿಸಿ, ಮುಂದೆ ತೊಂದರೆಯಾದರೆ ಕೇಳಲು ಒಂದು ಫೋನ್ ನಂಬರನ್ನೂ ಕೊಟ್ಟರು. ಅಮೆರಿಕದಲ್ಲಿ 2009ರ ಜೂನ್ 12ರಂದು ನಿಲ್ಲಿಸುವ ಮುಂಚೆ ಒಂದು ಮನೆಗೆ 40 ಡಾಲರಿನ ಎರಡು ಕೂಪನ್ ತನಕ ಹಂಚಿದರು. ನಮ್ಮ ರಾಜ್ಯದಲ್ಲಿ ಬಾಕ್ಸನ್ನೇ ಉಚಿತವಾಗಿ ಹಂಚಿದ್ದು ದೊಡ್ಡ ಮಾತು, ಅದನ್ನು ಮೆಚ್ಚಿಯೇ ಹೇಳುತ್ತಿದ್ದೇನೆ. ಕಲಿಸುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಅದನ್ನು ಮಾಡಬಲ್ಲವರು ನೀವೇ, ಏಕೆಂದರೆ ಆ ಅಜ್ಜಿಯ ಮನೆಯೊಳಗೆ ಚಪ್ಪಲಿ ಬಿಟ್ಟು ಹೋಗಬಲ್ಲವರು ನೀವು. ಕಂಪನಿಯ ಕಾಲ್ ಸೆಂಟರಿನವರಿಗೆ ಆ ಸಲಿಗೆ ಇಲ್ಲ.

ಟಿವಿಗೆ ಇಷ್ಟೊಂದು ಮಹತ್ವ ಯಾಕೆ ಕೊಡುತ್ತೀರಿ ಎಂದು ನಿಮ್ಮಲ್ಲೊಬ್ಬರು ನನ್ನನ್ನು ಕೇಳಿದ್ದುಂಟು. ಸರಿಯಾದ ಪ್ರಶ್ನೆ. 1956ರಲ್ಲಿ ರಾಜ್ಯಗಳು ಬೇರೆಯಾದಾಗ ನಾವು ಸೇಲಂ ಜಿಲ್ಲೆಯ ಜನ, ಆಮೇಲೆ 1965ರಲ್ಲಿ ಧರ್ಮಪುರಿಯವರು, 2004ರಿಂದ ಕೃಷ್ಣಗಿರಿಯವರು. ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗಿನ ಮಾತು ಕನ್ನಡವೇ ಆಗಿ ಉಳಿಯಿತು, ಬಹುಪಾಲು ಕನ್ನಡ ಶಾಲೆಗಳ ದಯೆಯಿಂದ. 2006ರ ತಮಿಳು ಕಲಿಕೆ ಕಾಯ್ದೆ ಬಂದು ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಇರುವ ನಾಡಿನ ಭಾಷೆಯನ್ನು ಮಕ್ಕಳು ಕಲಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಮಕ್ಕಳೂ ತಮಿಳನ್ನು ಚೆನ್ನಾಗಿ ಓದಿ ಬರೆಯುತ್ತಾರೆ. ಆದರೆ ಶಾಲೆಯಲ್ಲಿ ತಮಿಳೂ ಇಂಗ್ಲಿಷೂ ತುಂಬಿಕೊಂಡ ಮೇಲೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವ ಜಾಗಗಳು ಕಡಿಮೆಯಾದವು. ಅತ್ತಿಬೆಲೆ ದಾಟಿದರೆ ಅಂಗಡಿಯ ಬೋರ್ಡುಗಳಲ್ಲಿ ಕಾಣುತ್ತದೆ, ಇತ್ತ ಕಡೆ ಹೆಚ್ಚಾಗಿ ಟಿವಿಯ ಪರದೆಯ ಮೇಲೆ. ಸುದ್ದಿಯ ಕೆಳಗೆ ಓಡುವ ಸಾಲನ್ನು ಮಕ್ಕಳು ಕೂಡಿಸಿ ಕೂಡಿಸಿ ಓದುವುದನ್ನು ನಾನು ನೋಡಿದ್ದೇನೆ. 2002ರಿಂದ ಚಂದನದಲ್ಲಿ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರ ಕೊಟ್ಟವರಿಗೆ ಕನ್ನಡ ಪುಸ್ತಕ ಕೊಡುತ್ತಾರೆ. ಕನ್ನಡ ಪುಸ್ತಕದಂಗಡಿ ಹತ್ತಿರದಲ್ಲಿಲ್ಲದ ನಮ್ಮ ಊರುಗಳಲ್ಲಿ ಒಂದು ಹೊಸ ಪುಸ್ತಕದ ಹೆಸರು ಮನೆಗೆ ಬರುವುದು ಹೀಗೆ.

ಬೇಸಾಯದ ಮಾತು ಬೇರೆಯೇ ಇದೆ. ನಮ್ಮ ಹೊಲದಲ್ಲಿ ಬೆಳೆಯುವುದು ರಾಗಿ, ಟೊಮೆಟೊ, ಎಲೆಕೋಸು, ಗುಲಾಬಿ. ಕೃಷ್ಣಗಿರಿಯ ಕಡೆ ಮಾವು. ಇದೇ ಮಣ್ಣು, ಇದೇ ಮಳೆ ಆನೇಕಲ್, ಮಾಲೂರು, ಕೋಲಾರದಲ್ಲೂ ಇದೆ. ಚಂದನದ ಕೃಷಿ ಕಾರ್ಯಕ್ರಮದಲ್ಲಿ ಬೆಂಗಳೂರಿನ ಕೃಷಿ ವಿಜ್ಞಾನಿಗಳು ಆ ಕಡೆಯ ರೈತರಿಗೆ ಹೇಳುವ ರೋಗದ ಮಾತು, ಔಷಧಿಯ ಮಾತು ನಮ್ಮ ಹೊಲಕ್ಕೂ ಸರಿಹೊಂದುತ್ತದೆ. ನಮ್ಮ ರೈತರಿಗೆ ಅದು ತಮ್ಮ ಮಾತಿನಲ್ಲೇ ಸಿಗುತ್ತದೆ. ತಮಿಳಿನಲ್ಲಿ ಬರುವ ಕೃಷಿ ಕಾರ್ಯಕ್ರಮಗಳೂ ಒಳ್ಳೆಯವೇ. ಆದರೆ ಡೆಲ್ಟಾದ ಭತ್ತದ ಗದ್ದೆಯ ಮಾತು ಬಂದಾಗ ಕೆಲಮಂಗಲದ ರಾಗಿ ಬೆಳೆಗಾರ ಏನು ಮಾಡಬೇಕು? ಎರಡೂ ಇರಲಿ ಎಂಬುದೇ ನಮ್ಮ ಬೇಡಿಕೆ.

ಇನ್ನು ದುಡ್ಡಿನ ವಿಷಯ. 2019ರ ಫೆಬ್ರವರಿ 1ರಿಂದ ಬಂದ ಹೊಸ ದರ ಪದ್ಧತಿಯ ಆಸೆ ದೊಡ್ಡದಿತ್ತು: ನಿಮಗೆ ಬೇಕಾದ ಚಾನೆಲನ್ನು ನೀವೇ ಆರಿಸಿ, ಅದಕ್ಕಷ್ಟೇ ಕೊಡಿ. ಆಗ 100 ಚಾನೆಲಿಗೆ 130 ರೂಪಾಯಿ ಮತ್ತು ತೆರಿಗೆ, ಪೇ ಚಾನೆಲುಗಳಿಗೆ ಬೇರೆ. 2024ರಲ್ಲಿ ಆ ಶುಲ್ಕದ ಮೇಲಿನ ಮಿತಿಯನ್ನೂ ಎತ್ತಿದರು. ಗಡಿಯ ಮನೆಗಳಿಗೆ ಈ ಪದ್ಧತಿ ಭಾರವಾಯಿತು. ಚಾನೆಲಿನವರು ಪ್ಯಾಕುಗಳನ್ನು ಭಾಷೆಗೊಂದರಂತೆ ಮಾಡಿದ್ದಾರೆ. ಚೆನ್ನೈಯ ಮನೆಗೆ ತಮಿಳು ಪ್ಯಾಕು ಸಾಕು, ತುಮಕೂರಿನ ಮನೆಗೆ ಕನ್ನಡ ಪ್ಯಾಕು ಸಾಕು. ನಮ್ಮಲ್ಲಿ ಸೊಸೆಯ ತವರು ತಮಿಳು, ಅತ್ತೆಯ ಮಾತು ಕನ್ನಡ, ಪಕ್ಕದ ಮನೆಯ ತೆಲುಗು ಸೀರಿಯಲ್ಲಿಗೆ ಎಲ್ಲರೂ ಸೇರುತ್ತಾರೆ. ಎರಡು ಪ್ಯಾಕು ಹಾಕಿಸಿದರೆ ಕೂಲಿ ಮಾಡುವವರಿಗೆ ಕಷ್ಟ, ಒಂದೇ ಹಾಕಿಸಿದರೆ ಮನೆಯಲ್ಲಿ ಒಬ್ಬರಿಗೆ ಏನೂ ಇಲ್ಲ. ಚಾನೆಲಿನವರ ದರವನ್ನು ಇಳಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಪ್ಯಾಕು ಬೇಡ, ಒಂದೋ ಎರಡೋ ಕನ್ನಡ ಚಾನೆಲ್ ಮಾತ್ರ ಬಿಡಿಯಾಗಿ ಹಾಕಿ ಎಂದು ಗಿರಾಕಿ ಕೇಳಬಹುದು, ಆ ಹಕ್ಕು ಪದ್ಧತಿಯಲ್ಲೇ ಇದೆ ಎಂಬುದನ್ನು ಹೇಳುವುದು ನಿಮ್ಮ ಕೈಯಲ್ಲಿದೆ. ಕನ್ನಡದಲ್ಲಿ ದುಡ್ಡಿಲ್ಲದೆ ಬರುವ ಚಾನೆಲುಗಳೂ ಇವೆ, ಚಂದನವೇ ಒಂದು. ಅವುಗಳ ಹೆಸರನ್ನಾದರೂ ಹೇಳಿ.

ಎಚ್‌ಡಿಯ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗರು ಕಂತಿನ ಮೇಲೆ 32 ಇಂಚು, 43 ಇಂಚಿನ ಎಲ್‌ಇಡಿ ಟಿವಿ ತಂದು ಗೋಡೆಗೆ ಹಾಕಿಸಿರುತ್ತಾರೆ. ಅದಕ್ಕೆ ಜೋಡಿಸಿರುವುದು ಸಾದಾ ಬಾಕ್ಸು, ಅದೂ ಹಳದಿ, ಕೆಂಪು, ಬಿಳಿ ಮೂತಿಯ ಹಳೆಯ ವೈರಿನಿಂದ. ಸಾದಾ ಚಿತ್ರದಲ್ಲಿ ಅಡ್ಡ 720, ಉದ್ದ 576 ಚುಕ್ಕೆ. ಪೂರ್ತಿ ಎಚ್‌ಡಿಯಲ್ಲಿ 1920ಕ್ಕೆ 1080, ಅಂದರೆ ಸರಿಯಾಗಿ ಐದು ಪಟ್ಟು. ಸಣ್ಣ ಪರದೆಗೆಂದು ಮಾಡಿದ ಚಿತ್ರವನ್ನು ದೊಡ್ಡ ಪರದೆಗೆ ಎಳೆದರೆ ಮುಖಗಳು ಅಡ್ಡಕ್ಕೆ ಹಿಗ್ಗುತ್ತವೆ, ಅಂಚು ಕಲಸಿಹೋಗುತ್ತದೆ. ಮನೆಯವರು ಟಿವಿ ಸರಿಯಿಲ್ಲ ಎಂದುಕೊಂಡು ಅಂಗಡಿಯವನ ಮೇಲೆ ರೇಗುತ್ತಾರೆ. ಬೇಕಾದದ್ದು ಮೂರು: ಎಚ್‌ಡಿ ಬಾಕ್ಸು, ಎಚ್‌ಡಿಎಂಐ ವೈರು, ಎಚ್‌ಡಿ ಚಾನೆಲ್. ಮೂರರಲ್ಲಿ ಒಂದು ತಪ್ಪಿದರೂ ಎಚ್‌ಡಿ ಇಲ್ಲ. ಕಲರ್ಸ್ ಕನ್ನಡ, ಜೀ ಕನ್ನಡ, ಉದಯ, ಸ್ಟಾರ್ ಸುವರ್ಣ ನಾಲ್ಕಕ್ಕೂ ಎಚ್‌ಡಿ ಇದೆ. ಎಚ್‌ಡಿ ಚಾನೆಲ್ ಹಾಕಿಸಿದರೆ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನೂ ಮುಂಚೆಯೇ ಹೇಳಿಬಿಡಿ. ಆಮೇಲೆ ಬಿಲ್ಲು ನೋಡಿ ಜಗಳವಾಗುವುದು ಯಾರಿಗೂ ಒಳ್ಳೆಯದಲ್ಲ. ಸದ್ಯಕ್ಕೆ ಸಾದಾ ಬಾಕ್ಸೇ ಸಾಕು ಎನ್ನುವವರಿಗೆ ಟಿವಿಯ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಹಾಕಿಕೊಟ್ಟರೆ ಮುಖಗಳಾದರೂ ಮುಖದ ಹಾಗೆ ಕಾಣುತ್ತವೆ. ನಿಮಗೆ ಒಂದು ನಿಮಿಷದ ಕೆಲಸ.

ತಂತಿಯ ಬಗ್ಗೆಯೂ ಒಂದು ಮಾತು. ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರ ಮಸುಕಾಗುತ್ತಿತ್ತು, ಮಾತು ಉಳಿಯುತ್ತಿತ್ತು. ಡಿಜಿಟಲಿಗೆ ಆ ತಾಳ್ಮೆ ಇಲ್ಲ. ಒಂದು ಮಟ್ಟದವರೆಗೆ ಚಿತ್ರ ಚೊಕ್ಕವಾಗಿರುತ್ತದೆ, ಅದರಿಂದ ಸ್ವಲ್ಪ ಇಳಿದರೂ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಬೀದಿಯ ಕೊನೆಯ ಮನೆಗಳಲ್ಲಿ, ಟೇಪು ಸುತ್ತಿದ ಜಾಯಿಂಟಿಗೆ ಐಪ್ಪಸಿ ತಿಂಗಳ ಮಳೆಯ ನೀರು ಇಳಿದಾಗ, ಒಂದೆರಡು ಚಾನೆಲ್ ಬರುವುದಿಲ್ಲ, ಉಳಿದವು ಬರುತ್ತವೆ. ಕಾರಣ ನಿಮಗೆ ಗೊತ್ತು. ಬಾರದ ಆ ಒಂದೆರಡು ಕನ್ನಡದವಾಗಿದ್ದರೆ ‘ಎಲ್ಲ ಬರ್ತಾ ಇದೆಯಲ್ಲಕ್ಕ’ ಎಂದು ಹೋಗಬೇಡಿ. ಅಂದು ಸಂಜೆ ಆ ಮನೆಗೆ ಬೇಕಾಗಿದ್ದದ್ದು ಅದೇ ಚಾನೆಲ್.

ನಿಮ್ಮ ತಂತಿ ತಲುಪದ ಊರುಗಳೂ ಇವೆ. ಅಂಚೆಟ್ಟಿಯ ಕಾಡಿನಂಚು, ಬೆಟ್ಟಮುಗಿಲಾಳದ ಮೇಲಿನ ಹಾಡಿಗಳು, ಆನೆ ಓಡಾಡುವ ದಾರಿಗಳು. ಅಲ್ಲಿಗೆ ಕಂಬ ನೆಟ್ಟು ತಂತಿ ಎಳೆದರೆ ನಿಮಗೆ ನಷ್ಟವೇ. ಆ ಮನೆಗಳಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾದದ್ದು. ಡಿಶ್ಶೂ ಬಾಕ್ಸೂ ಒಮ್ಮೆ ಕೊಂಡರೆ ತಿಂಗಳ ದುಡ್ಡಿಲ್ಲ, ಚಂದನವೂ ಬರುತ್ತದೆ, ಈಗ ಡಿಡಿ ತಮಿಳ್ ಆಗಿರುವ ಪೊದಿಗೈಯೂ ಬರುತ್ತದೆ. ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಸೀಮೆಯಿಂದ ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸಿ ಸಾಕಷ್ಟು ಮೇಲಕ್ಕೆ, ನೆಲದಿಂದ 66 ಡಿಗ್ರಿಯ ಆಸುಪಾಸಿಗೆ ಎತ್ತಬೇಕು. ಇಷ್ಟು ಮೇಲೆ ನೋಡುವುದರಿಂದ ದೂರದ ಮರಗಳ ಕಾಟ ಕಡಿಮೆ. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಹೋಗಿ ಬರುತ್ತದೆ. ಉಪಗ್ರಹದ ಟ್ಯೂನರ್ ಒಳಗೇ ಇರುವ ಟಿವಿಗೆ ಐಎಸ್ 18112:2022 ಎಂಬ ಮಾನದಂಡವೂ ಹೊರಬಂದಿದೆ. ಅಂಥ ಟಿವಿಗಳು ನಮ್ಮ ಅಂಗಡಿಗಳಿಗೆ ಬಂದರೆ ಬೇರೆ ಬಾಕ್ಸೂ ಬೇಡವಾಗುತ್ತದೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ಶುರು ಮಾಡಿದ ವೇವ್ಸ್ ಆ್ಯಪಿನಲ್ಲಿ ಮೊಬೈಲಿನಲ್ಲೇ ದೂರದರ್ಶನ ನೋಡಬಹುದು. ಆದರೆ ಕಾಡಿನಂಚಿನಲ್ಲಿ ಮೊಬೈಲ್ ಸಿಗ್ನಲ್ ಇರುವ ಮನೆ ಎಷ್ಟು? ಡಿಶ್ಶು ಕೂರಿಸುವ ಕೈಚಳಕ, ಸಿಗ್ನಲ್ ನೋಡುವ ಮೀಟರು ನಿಮ್ಮಲ್ಲಿವೆ. ಕೂಲಿ ತೆಗೆದುಕೊಂಡೇ ಮಾಡಿಕೊಡಿ. ನಿಮ್ಮ ಗಿರಾಕಿಗಳೇ ಅಲ್ಲದವರಿಗೆ ಮಾಡಿದರೆ ನಿಮ್ಮ ವ್ಯಾಪಾರ ಕೆಡುವುದಿಲ್ಲ.

ಇದೇ ಮಾತು ತೆಲುಗಿನ ಮನೆಗಳಿಗೂ ಸಲ್ಲುತ್ತದೆ. ದೂರದರ್ಶನದ ತೆಲುಗು ಚಾನೆಲುಗಳೂ ಆ ಕಡ್ಡಾಯ ಪಟ್ಟಿಯಲ್ಲಿವೆ. ಬಾಗಲೂರು, ಬೇರಿಗೆ ಕಡೆಯ ನನ್ನ ತೆಲುಗು ಗೆಳತಿಯರು ಈ ಕಾಗದಕ್ಕೆ ತಮ್ಮದೂ ಒಂದು ರುಜು ಇದೆ ಎಂದಿದ್ದಾರೆ.

ಮುಂದಿನ ತಿಂಗಳು ದುಡ್ಡಿಗೆ ಬರುವಾಗ ಒಂದು ಹಾಳೆ ತನ್ನಿ. ಅದರಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಚಾನೆಲಿನ ಹೆಸರು, ಪಕ್ಕದಲ್ಲಿ ನಂಬರು, ಯಾವುದಕ್ಕೆ ದುಡ್ಡು, ಯಾವುದಕ್ಕೆ ಇಲ್ಲ ಎಂಬುದು, ಕೆಳಗೆ ನಿಮ್ಮ ಫೋನ್ ನಂಬರು ಇರಲಿ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಪಟ್ಟಿಯನ್ನು ನನಗೆ ಕೊಡಿ, ನಾನು ಬರೆದು, ಜೆರಾಕ್ಸ್ ಮಾಡಿಸಿ ನಿಮ್ಮ ಕೈಗೆ ಕೊಡುತ್ತೇನೆ, ಖರ್ಚು ನನ್ನದೇ. ಚಂದನ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮಗೆ ಸಿಗ್ನಲ್ ಕೊಡುವ ಕಂಪನಿಗೆ ಬರೆದು ಕೇಳಿ. ನಿಮ್ಮ ಕಾಗದದ ಜೊತೆಗೆ ಕಳಿಸಲು ನಮ್ಮ ಬೀದಿಯವರ ರುಜುಗಳನ್ನು ನಾವು ಸಂಗ್ರಹಿಸಿ ಇಟ್ಟಿರುತ್ತೇವೆ.

ಇತಿ,
ಕೆಲಮಂಗಲದ ಕಡೆಯ ನಿಮ್ಮ ಒಬ್ಬ ಅಕ್ಕ